ಹಳ್ಳದ ಉಸುಕು, ಅಪ್ಪನ ನಾಲಗೆ

ನಮ್ಮಪ್ಪ ಗೌಂಡಿ. ರಾಯಬಾಗದಿಂದ ಚಿಕ್ಕೋಡಿಯವರೆಗೆ ಅವನು ಕಟ್ಟಿದ ಗೋಡೆಗಳಿವೆ. ಚಿಟಿಕೆ ಉಸುಕು ನಾಲಗೆಯ ಮೇಲಿಟ್ಟು ಅದರ ಜಾತಕ ಹೇಳುತ್ತಾನೆ ಎಂದು ಜನ ಇವತ್ತಿಗೂ ಹೊಗಳುತ್ತಾರೆ. ಹೊಗಳಲಿ, ಅವರ ಗಂಟೇನು ಹೋಗುತ್ತದೆ. ನನ್ನ ಮನೆಯೊಳಗೆ ಬಂದು ಗೋಡೆಗೆ ಬೆನ್ನು ಕೊಟ್ಟು ಕೂತವರು ಹೊಗಳುವುದಿಲ್ಲ. ಎದ್ದಾಗ ಅವರ ಬೆನ್ನಿಗೆ ಬಿಳಿ ಪುಡಿ ಮೆತ್ತಿರುತ್ತದೆ.

ಒಂಬತ್ತು ವರ್ಷಕ್ಕೆ ನನ್ನ ಕೈಗೆ ಜರಡಿ ಬಂತು. ಶಾಲೆಗೆ ರಜೆ ಬಿದ್ದರೆ ಅಪ್ಪನ ಕೆಲಸದಲ್ಲಿ ಉಸುಕು ಸಾಣಿಸುವುದು ನನ್ನ ಪಾಲಿಗೆ. ಅಣ್ಣನಿಗೆ ಗಾರೆ ಬಳಿಯುವ ಕರಣಿ ಹಿಡಿಯಲು ಕಲಿಸಿದ. ನನಗೆ ಏನೂ ಕಲಿಸಲಿಲ್ಲ. ಆದರೆ ಬಾಯಿ ಬಿಟ್ಟರೆ ಉಸುಕಿನ ಮಾತೇ ಆಡುತ್ತಿದ್ದ, ನನ್ನ ಕಿವಿಯೇನು ಕಿವುಡಾಗಿರಲಿಲ್ಲ.

ಅವನ ಪ್ರಕಾರ ಉಸುಕಿನಲ್ಲಿ ಎರಡೇ ಜಾತಿ. ಯಡೂರಿನ ಕಡೆ ಕೃಷ್ಣೆ ತರುವುದು ಒಂದು, ಅಥಣಿಯ ಆಚೆ ಬಯಲು ಸೀಮೆಯ ಹಳ್ಳದ್ದು ಇನ್ನೊಂದು. “ಹೊಳಿ ಉಸುಕ ಸಾವಿರ ಸಲ ಜಳಕಾ ಮಾಡಿದ್ದು. ಹಳ್ಳದ ಉಸುಕ ವರ್ಷಕ್ಕೊಮ್ಮಿ ಮಾರಿ ತೊಳಕೊಂಡಿದ್ದು” ಎನ್ನುತ್ತಿದ್ದ. ಮಳೆಯನ್ನು ಪಡುವಣದ ಘಟ್ಟ ಮೊದಲೇ ಹಿಂಡಿಕೊಳ್ಳುತ್ತದೆ, ಆ ಕಡೆಗೆ ಹೋಗುವುದು ಅದರ ಎಂಜಲು. ಹಳ್ಳ ವರ್ಷದಲ್ಲಿ ನಾಲ್ಕಾರು ದಿನ ಹರಿದರೆ ದೊಡ್ಡದು. ಆ ನಾಲ್ಕಾರು ದಿನದಲ್ಲೇ ಬೋಳು ಗುಡ್ಡವನ್ನು ಕೆರೆದು, ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಬಂದು, ಅರ್ಧ ದಾರಿಯಲ್ಲಿ ಬಿಟ್ಟು ಬತ್ತಿ ಹೋಗುತ್ತದೆ.

ಅದನ್ನು ಅಂಗೈಯಲ್ಲಿ ಹರಡಿ ನಾನು ಎಷ್ಟೋ ಮಧ್ಯಾಹ್ನ ನೋಡಿದ್ದೇನೆ. ಕರಿ ಕಾಳು ಗುಡ್ಡದ ಕರಿಕಲ್ಲು ಒಡೆದದ್ದು. ಕೆಂಪಗಿರುವುದು ಗರಸು, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಬೆಳ್ಳಗಿರುವುದು ಎರೆಮಣ್ಣಿನ ಹೊಟ್ಟೆಯಲ್ಲಿ ಗಂಟುಗಂಟಾಗಿ ಬೆಳೆಯುವ ಸುಣ್ಣದ ಹರಳು. ಅಲ್ಲೊಂದು ಇಲ್ಲೊಂದು ಮಿಂಚುವುದು ಕಲ್ಲಿನ ಪೊಳ್ಳಿನೊಳಗೆ ಕೂತಿದ್ದ ಸ್ಫಟಿಕ. ಇವುಗಳ ಸಂದಿನಲ್ಲಿ ಬೇಸಿಗೆಯ ಗಾಳಿ ಹೊಲಗಳಿಂದ ಎತ್ತಿ ತಂದು ಸುರಿದ ಸಣ್ಣ ಧೂಳು. ಇದೆಲ್ಲ ಕಣ್ಣಿಗೆ ಕಾಣುವ ಮಾತು. ಕಾಣದ್ದು ಉಪ್ಪು. ನಿಂತ ನೀರನ್ನು ಬಿಸಿಲು ಕುಡಿಯುತ್ತದೆ, ಉಪ್ಪನ್ನು ಕುಡಿಯುವುದಿಲ್ಲ. ವರ್ಷ ವರ್ಷವೂ ಅದು ಅಲ್ಲೇ ಉಳಿದು ಉಸುಕು ಸವಳಾಗುತ್ತದೆ. ಶಾಲೆಯ ಪುಸ್ತಕದಲ್ಲಿ ಮರುಭೂಮಿ ಎಂದರೆ ಹಳದಿ ಮರಳು, ಒಂಟೆ. ನಮ್ಮ ಹಳ್ಳದಲ್ಲಿ ಒಂಟೆ ಇರಲಿಲ್ಲ, ಅದಕ್ಕೆ ಯಾರೂ ಅದನ್ನು ಪಾಠ ಮಾಡಲಿಲ್ಲ.

ಸವಳು ಉಸುಕನ್ನು ಗೋಡೆಗೆ ಬಳಿದರೆ ಗೋಡೆ ಉಳಿಯುವುದಿಲ್ಲ. ಥಂಡಿ ಹಿಡಿದು, ಉಪ್ಪು ಹೊರಗೆ ಉಕ್ಕಿ, ಬಳಿದ ಗಿಲಾವು ಹೊಪ್ಪಳಿಕೆಯಾಗಿ ಉದುರುತ್ತದೆ. ಅದಕ್ಕೇ ಅಪ್ಪನ ಆ ಪರೀಕ್ಷೆ. ಗಾಡಿ ಬಂದ ಕೂಡಲೇ ಬಾಯಲ್ಲಿದ್ದ ನಿಪ್ಪಾಣಿ ತಂಬಾಕು ಉಗುಳಿ, ಬಾಯಿ ಮುಕ್ಕಳಿಸಿ, ಚಿಟಿಕೆ ಉಸುಕು ನಾಲಗೆಗೆ ಇಟ್ಟು ಕಣ್ಣು ಮುಚ್ಚುತ್ತಿದ್ದ. ಅವನು ಥೂ ಎಂದರೆ ಗಾಡಿ ವಾಪಸ್ಸು, ಸಿಹಿ ಎಂದು ನುಂಗಿದರೆ ಇಳಿಸಬಹುದು. ಒಮ್ಮೆ ನಾನೂ ಹಾಗೇ ಮಾಡಲು ಹೋದೆ, ಕೈಗೆ ಫಟ್ಟನೆ ಹೊಡೆದ. “ಹುಡಿಗ್ಯಾರು ಮಣ್ಣ ನೆಕ್ಕಬಾರ್ದು. ನೋಡಿದವರು ಏನಂದಾರು” ಎಂದ. ನಾನು ಉಸುಕಿನ ಗುಂಪಿಯ ಹಿಂದೆ ಕೂತು ನೆಕ್ಕಿ ಕಲಿತೆ. ಅವನು ಉಗುಳಿದ್ದು, ನುಂಗಿದ್ದು ಎಲ್ಲ ನನ್ನ ನಾಲಗೆಗೂ ತಿಳಿಯುತ್ತಿತ್ತು.

ಮದುವೆಯಾಗಿ ಹದಿನೈದು ವರ್ಷ ಬಾಡಿಗೆ ಕೋಣೆಯಲ್ಲಿ ಕಳೆದ ಮೇಲೆ ನಾವು ರಾಯಬಾಗದ ಹತ್ತಿರ ಎರಡು ಕೋಣೆಯ ಮನೆ ಹಾಕಿದೆವು. ಕಂಡವರ ಮನೆಗೆ ಉಸುಕು ಸಾಣಿಸಿದವಳು ನಾನು. ಇದೊಂದು ಮನೆ ನನ್ನದು. ಅವ್ವ ತೀರಿದ ಮೇಲೆ ಅಪ್ಪ ನಮ್ಮ ಜೊತೆಗೇ ಇದ್ದ. “ನಾನ ಕಟ್ಟತೀನಿ, ಯಾರೂ ಕೈ ಹಚ್ಚಬ್ಯಾಡ್ರಿ” ಎಂದ. ನನಗೆ ಎಷ್ಟು ಸಂತೋಷವಾಯಿತೆಂದರೆ ಆ ದಿನ ಹೋಳಿಗೆ ಮಾಡಿದೆ. ಚಲೋ ಆಗೇತಿ ಎಂದು ತಿಂದ. ಅವನು ಏನು ಹಾಕಿದರೂ ಚಲೋ ಆಗೇತಿ ಎನ್ನುತ್ತಿದ್ದ, ಹಿಂದೆ ಅವ್ವನ ಸಾರಿನಲ್ಲಿ ಹುಳುಕು ಹುಡುಕುತ್ತಿದ್ದವನು ವಯಸ್ಸಾಗಿ ಮೆತ್ತಗಾದ ಎಂದುಕೊಂಡಿದ್ದೆ.

ಗಿಲಾವಿನ ಹೊತ್ತಿಗೆ ಹೊಳೆ ಉಸುಕು ಸಿಗಲಿಲ್ಲ. ಯಾರೋ ಹೇಳಿದರೆಂದು ಕುಡಚಿಯ ಹೊಳೆ ದಾಟಿ ಆಚೆ ಅಥಣಿ ಕಡೆಯಿಂದ ಒಂದು ಟಿಪ್ಪರ್ ಬಂತು. ಹಿಂದಿನ ಬಾಗಿಲು ತೆಗೆದಾಗಲೇ ನನಗೆ ಬಿಳಿ ಹರಳು ಕಂಡವು. ಹೋಗಿ ಚಿಟಿಕೆ ಬಾಯಿಗೆ ಹಾಕಿದೆ. ನಾಲಗೆ ಚುರ್ ಎಂದಿತು. ಎಲ್ಲರೆದುರಿಗೇ ಉಗುಳಿದೆ.

“ಅಪ್ಪಾ, ಇದು ಸವಳ ಐತಿ. ಹಳ್ಳದ್ದು. ವಾಪಸ್ ಕಳಸು.”

ಡ್ರೈವರ್ ನಗಾಡಿದ. “ಕಾಕಾ, ಅಕ್ಕಾರಿಗೆ ಬಯಕಿ ಹತ್ತೇತಿ ಕಾಣಸ್ತೈತಿ. ಮಣ್ಣ ತಿನ್ನಾಕತ್ತಾರ. ಏಕದಂ ಸಿಹಿ ಉಸುಕ ಐತ್ರಿ ಇದು, ನೀವ ನೋಡ್ರಿ.”

ಎರಡು ಮಕ್ಕಳ ತಾಯಿ ನಾನು. ಕೆಲಸದವರೆಲ್ಲ ಕಿಸಕ್ಕೆಂದರು. ಅಪ್ಪ ಮಾತ್ರ ನಗಲಿಲ್ಲ, ನನ್ನ ಮುಖವನ್ನೇ ನೋಡುತ್ತ ನಿಂತಿದ್ದ. ಆಮೇಲೆ ತಂಬಾಕು ಉಗುಳಿ, ಬಾಯಿ ಮುಕ್ಕಳಿಸಿ, ಎಂದಿನ ಹಾಗೆ ಕಣ್ಣು ಮುಚ್ಚಿದ. ನುಂಗಿದ. “ಸಿಹಿ ಐತಿ. ಇಳಸ್ರಿ” ಎಂದ.

ನಾನು ಜಗಳ ತೆಗೆಯಬೇಕಿತ್ತು. ತೆಗೆಯಲಿಲ್ಲ. ನಲವತ್ತು ವರ್ಷದ ನಾಲಗೆ ಅದು, ನನ್ನದು ಗುಂಪಿಯ ಹಿಂದೆ ಕಲಿತದ್ದು ಎಂದು ಬಾಯಿ ಮುಚ್ಚಿದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಾನೂ ನನ್ನನ್ನು ಹಿತ್ತಲ ಗಿಡವೆಂದೇ ತಿಳಿದೆನಲ್ಲ, ಆ ಸಿಟ್ಟು ಇನ್ನೂ ಹೋಗಿಲ್ಲ.

ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಗೋಡೆಯ ಬುಡಕ್ಕೆ ವಿಭೂತಿ ಬಳಿದಂತೆ ಬೆಳ್ಳಗಾಯಿತು. ಒರೆಸಿದೆ, ಮತ್ತೆ ಬಂತು. ಬಣ್ಣ ಹಚ್ಚಿಸಿದೆ, ಬಣ್ಣದ ಸಮೇತ ಉದುರಿತು. ದಿನಾ ಬೆಳಿಗ್ಗೆ ಕಸಬರಿಗೆ ಹಿಡಿದು ನನ್ನ ಮನೆಯನ್ನು ನಾನೇ ಗುಡಿಸಿ ಹೊರಗೆ ಚೆಲ್ಲುತ್ತಿದ್ದೆ. ಅಪ್ಪ ಮೊದಲು ಇಟ್ಟಂಗಿಯ ದೋಷ ಎಂದ. ಆಮೇಲೆ ಬೋರಿನ ನೀರಿನ ದೋಷ ಎಂದ. ಕೊನೆಗೆ ಕೆಲಸದವರು ನೀರು ಹೊಡೆಯಲಿಲ್ಲ ಎಂದ. ನೀರು ಹೊಡೆದವಳು ನಾನು, ಮೂರು ಹೊತ್ತೂ.

ಒಂದು ದಿನ ಮಕ್ಕಳು ಮಲಗುವ ಕೋಣೆಯಲ್ಲಿ ಅಂಗೈ ಅಗಲದ ಗಿಲಾವು ಮಗಳ ಹಾಸಿಗೆಯ ಮೇಲೆ ಬಿತ್ತು. ನನ್ನ ಸಿಟ್ಟು ನೆತ್ತಿಗೇರಿತು. ಅಪ್ಪ ಊಟಕ್ಕೆ ಕೂತಿದ್ದ. ಗೋಡೆಯ ಬಿಳಿ ಪುಡಿಯನ್ನು ಕೆರೆದು ತಂದು ಅವನ ತಾಟಿನಲ್ಲಿ, ಉಪ್ಪು ಬಡಿಸುವ ಜಾಗದಲ್ಲಿ ಹಾಕಿದೆ.

“ತಿನ್ನು. ಸಿಹಿ ಐತೇನ ನೋಡಿ ಹೇಳು.”

ಬೈಯುತ್ತಾನೆ ಎಂದುಕೊಂಡೆ. ಅವನು ರೊಟ್ಟಿಯ ತುಣುಕನ್ನು ಅದಕ್ಕೆ ಒತ್ತಿ ಬಾಯಿಗಿಟ್ಟುಕೊಂಡ. ಅಗಿದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಏನ ರುಚಿ ಐತಪ್ಪಾ?”

“ಗೊತ್ತಾಗವಲ್ದವ್ವಾ.”

“ಯಾವಾಗಿಂದ?”

“ನಿಮ್ಮವ್ವ ಇದ್ದಾಗಿಂದ. ತಂಬಾಕಿನ ಸುಣ್ಣ ನಾಲಿಗಿ ತಿಂದ ಹಾಕೇತಿ. ಉಪ್ಪಿಲ್ಲ, ಹುಳಿ ಇಲ್ಲ.”

ಚಲೋ ಆಗೇತಿ, ಚಲೋ ಆಗೇತಿ ಎಂದು ತಿಂದ ಅಷ್ಟೂ ವರ್ಷದ ಊಟ ನನ್ನ ಕಣ್ಣ ಮುಂದೆ ಬಂತು. ಅಯ್ಯೋ ಪಾಪ ಎನ್ನಬೇಕಿತ್ತು. ನನಗೆ ಬಂದದ್ದು ಸಿಟ್ಟೇ. “ಹಂಗಾರ ಆವತ್ತ ಸಿಹಿ ಐತಿ ಅಂತ ಹೆಂಗ ಹೇಳಿದಿ?” ಎಂದು ಕೇಳಿದೆ.

“ಅಷ್ಟ ಮಂದಿ ನಿಂತಿದ್ರು. ನನ್ನ ನಾಲಿಗಿ ಸತ್ತೈತಿ ಅಂತ ಹೇಳಲೇನ?”

“ನಾ ಹೇಳಿದ್ನೆಲ್ಲ, ಸವಳ ಐತಿ ಅಂತ.”

ಅವನು ತಾಟನ್ನು ಪಕ್ಕಕ್ಕೆ ಸರಿಸಿದ. “ನೀ ಉಗುಳಿದಾಗನ ನಿನ್ನ ಮಾರಿ ನೋಡಿ ತಿಳೀತವ್ವಾ, ಖರೇನ ಸವಳ ಐತಿ ಅಂತ” ಎಂದ.

ಗೊತ್ತಿಲ್ಲದೆ ಮಾಡಿದ್ದರೆ ಆ ಗೋಡೆಯನ್ನು ನಾನು ಸಾಯುವ ತನಕ ಗುಡಿಸುತ್ತಿದ್ದೆ. ಅವನು ನನ್ನ ಮುಖ ಓದಿದ್ದ. ನಾಲ್ಕು ಜನ ಕೂಲಿಯವರ ಮುಂದೆ, ಹೆಸರು ಗೊತ್ತಿಲ್ಲದ ಡ್ರೈವರನ ಮುಂದೆ ತನ್ನ ಮಾನ ಉಳಿಸಿಕೊಳ್ಳಲು ಮಗಳ ಮನೆ ಕೊಟ್ಟಿದ್ದ.

ಅವನ ಚೀಲದಿಂದಲೇ ಉಳಿ, ಸುತ್ತಿಗೆ ತೆಗೆದುಕೊಂಡು ಮಕ್ಕಳ ಕೋಣೆಯ ಗಿಲಾವು ಕಡಿಯಲು ಶುರು ಮಾಡಿದೆ. ಅರ್ಧ ಗೋಡೆ ಆಗುವಷ್ಟರಲ್ಲಿ ಅಪ್ಪ ಕೈ ತೊಳೆದು ಬಂದ. ಇನ್ನೊಂದು ಸುತ್ತಿಗೆ ಹಿಡಿದು ಪಕ್ಕದಲ್ಲಿ ನಿಂತ. ಎರಡು ಪೆಟ್ಟಿಗೇ ಏದುಸಿರು ಬಂತು.

“ಮುಂದಿನ ಗಾಡಿ ಬಂದಾಗ ನೀನ ನೋಡವ್ವಾ” ಎಂದ.

“ಆವತ್ತೂ ನಾನ ನೋಡಿದ್ನೆಪ್ಪಾ.”

ಅವನು ಮತ್ತೆ ಸುತ್ತಿಗೆ ಎತ್ತಿದ. ಬೇರೆ ದಿನವಾಗಿದ್ದರೆ ಕಸಿದುಕೊಂಡು ಕೂರಿಸುತ್ತಿದ್ದೆ. ಆ ದಿನ ಕುಂದ್ರು ಎಂದು ನಾನು ಹೇಳಲಿಲ್ಲ.