ಗದಿಗೆಮ್ಮನ ಮೊಣಕಾಲು

ಭಾನುವಾರದ ಬೆಳಗಿನ ಜಾವ. ಹೈದರಾಬಾದಿನ ಬೇಗಂಪೇಟೆ ರೈಲು ನಿಲ್ದಾಣದ ಎದುರಿನ ರಸ್ತೆಯಲ್ಲಿ ಮಿನಿ ಬಸ್ಸೊಂದು ದೀಪ ಆರಿಸಿಕೊಂಡು ನಿಂತಿದೆ. ಅದನ್ನು ಹತ್ತಬೇಕಾದವರು ಇನ್ನೂ ಹಾಸಿಗೆ ಬಿಟ್ಟಿದ್ದಾರೋ ಇಲ್ಲವೋ, ಗದಿಗೆಮ್ಮ ಮಾತ್ರ ಮಣಿಕೊಂಡದಿಂದ ಎರಡು ಆಟೊ ಬದಲಾಯಿಸಿ ಬಂದು, ಫುಟ್‌ಪಾತಿನ ಮೇಲೆ ಕೂತು ಚೀಲ ಜೋಡಿಸುತ್ತಿದ್ದಾರೆ. ನೀರಿನ ಬಾಟಲಿಗಳು, ಕುದಿಸಿದ ಶೇಂಗಾ, ನಿಂಬೆಹಣ್ಣು, ಉಪ್ಪು-ಸಕ್ಕರೆ ಬೆರೆಸಿದ ಡಬ್ಬಿ, ಒಂದು ಟವೆಲ್ಲು. ಎಲ್ಲಕ್ಕಿಂತ ಕೆಳಗೆ ಒಂದು ಜೊತೆ ಹಳೆಯ ರಬ್ಬರ್ ಚಪ್ಪಲಿ.

ಚಪ್ಪಲಿ ಯಾಕೆ ಎಂದು ಕೇಳಿದರೆ, "ಯಾರದಾರ ಬೂಟಿನ ಅಟ್ಟಿ ಕಿತ್ತೇ ಕೀಳ್ತೈತ್ರಿ. ಭಾರೀ ಬೂಟು ಮೊದ್ಲ ಕೀಳ್ತಾವ" ಎನ್ನುತ್ತಾರೆ. ಹೇಳುವಾಗ ನಗುವುದಿಲ್ಲ. ನಗುವುದಕ್ಕೆ ಬೇಕಾದ ಶಕ್ತಿಯನ್ನೂ ಬೆಟ್ಟಕ್ಕೆಂದೇ ಉಳಿಸಿಕೊಂಡವರ ಹಾಗೆ ಕಾಣುತ್ತಾರೆ.

ಬಸ್ಸು ಹೋಗುವುದು ಭುವನಗಿರಿಗೆ, ಮಧ್ಯಾಹ್ನದ ಊಟ ಮುಗಿಸಿ ರಾಚಕೊಂಡಕ್ಕೆ. ಮೊದಲನೆಯದು ಚಾಲುಕ್ಯ ದೊರೆಯೊಬ್ಬನ ಹೆಸರು ಹೊತ್ತ ಬೋಳು ಬಂಡೆಯ ಬೆಟ್ಟ, ನೆತ್ತಿಯ ಮೇಲೆ ಕೋಟೆ. ಎರಡನೆಯದು ಒಂದು ಕಾಲಕ್ಕೆ ರಾಜಧಾನಿಯಾಗಿ ಮೆರೆದು, ಈಗ ಗೋಡೆ, ಬಾಗಿಲುಗಳಷ್ಟೇ ಉಳಿದ ಬೆಟ್ಟದೂರು. ಹೈದರಾಬಾದಿನ ಕನ್ನಡಿಗರಿಗೆಂದು ಮೈಸೂರು ಮೂಲದ ರವಿಶಂಕರ್ ಈ ಒಂದು ದಿನದ ಪ್ರವಾಸ ನಡೆಸುತ್ತಾರೆ. ಸಾಲಿನ ಮುಂದೆ ರವಿಶಂಕರ್, ಕಟ್ಟಕಡೆಯಲ್ಲಿ ಗದಿಗೆಮ್ಮ. ತಮ್ಮ ಹಿಂದೆ ಯಾರೂ ಉಳಿಯದಂತೆ ನೋಡಿಕೊಳ್ಳುವುದೇ ಅವರ ಕೆಲಸ.

ರವಿಶಂಕರ್ ಪ್ರತಿ ಬಾಗಿಲಲ್ಲೂ ನಿಂತು ಕಥೆ ಹೇಳುತ್ತಾರೆ. ಸಾಲಿನ ಬಾಲ ಅಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ಕಥೆ ಮುಗಿದು ಚಪ್ಪಾಳೆ ಬಿದ್ದಿರುತ್ತದೆ. "ರಾಜಾ ಸತ್ತಿದ್ದಷ್ಟ ನಂಗ ಗೊತ್ತೈತ್ರಿ" ಎನ್ನುತ್ತಾರೆ ಗದಿಗೆಮ್ಮ. "ಯಾಕ ಸತ್ತ, ಯಾರು ಕೊಂದ್ರು, ಅದೆಲ್ಲ ಮುಂದ ಹೋದವ್ರಿಗೆ."

ಯಾದಗಿರಿ ಜಿಲ್ಲೆಯ ಗುರಮಿಠಕಲ್ ಕಡೆಯವರು ಇವರು. ಮದುವೆಯಾದ ಹೊಸದರಲ್ಲಿ ಗಂಡ ಅಮರೇಶಪ್ಪನ ಜೊತೆ ಬಸ್ಸು ಹತ್ತಿ ಬಂದು, ಮಣಿಕೊಂಡದಲ್ಲಿ ಕಟ್ಟಡ ಏಳುವ ಕಡೆಯಲ್ಲೆಲ್ಲ ಇಟ್ಟಿಗೆ ಹೊತ್ತರು. ಲಿಫ್ಟು ಬರುವ ಮೊದಲು ಆ ಮಹಡಿಗಳನ್ನು ಹತ್ತಿ ಇಳಿದವರು ಇಂಥ ಹೆಂಗಸರೇ. "ಟೈಲ್ಸ್ ಬಂದ ಕೂಡ್ಲೇ ನಮ್ಮನ್ನ ಕೆಳಗ ಇಳಸ್ತಾರ್ರಿ. ಮ್ಯಾಲಿನ ಮನಿಗಳು ಹ್ಯಾಂಗ ಆದ್ವು ಅಂತ ಒಂದೂ ನೋಡಿಲ್ಲ." ಈಗ ಅಮರೇಶಪ್ಪ ಅಂಥದೇ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್. ಗಂಡಹೆಂಡಿರ ವಾಸ ನೆಲದಡಿಯ ಪಾರ್ಕಿಂಗ್ ಪಕ್ಕದ ಕೋಣೆಯಲ್ಲಿ. ಕಾರುಗಳ ಹೊಗೆ ಬರುತ್ತದೆ, ಬಿಸಿಲು ಬರುವುದಿಲ್ಲ.

ರವಿಶಂಕರ್ ಅದೇ ಅಪಾರ್ಟ್‌ಮೆಂಟಿನ ಬಾಡಿಗೆದಾರ. ಒಮ್ಮೆ ಅವರ ತಂಡದ ಹೆಂಗಸೊಬ್ಬರು ಬೆಟ್ಟದ ನಡುವೆ ಕೂತು, ಗಂಡಸರು ಕೈ ಹಿಡಿದು ಇಳಿಸುವುದು ಬೇಡವೆಂದು ಹಟ ಹಿಡಿದರಂತೆ. ಮುಂದಿನ ಪ್ರವಾಸಕ್ಕೆ ಒಬ್ಬ ಹೆಣ್ಣುಮಗಳು ಬೇಕು ಎಂದು ಅವರು ತಲೆ ಕೆರೆದುಕೊಳ್ಳುತ್ತಿದ್ದಾಗ ಅಮರೇಶಪ್ಪ, "ನಮ್ಮಾಕಿನ್ನ ಕರಕೊಂಡು ಹೋಗ್ರಿ ಸಾರ್. ಏರೋದು ಇಳಿಯೋದು ಆಕಿಗೇನು ಹೊಸಾದಲ್ಲ" ಎಂದರು. ಅಂದಿನಿಂದ ಭಾನುವಾರ ಬಂತೆಂದರೆ ಬೆಟ್ಟ. ವಾರವೆಲ್ಲ ಮೇಲಿನ ಮನೆಗಳಲ್ಲಿ ಕಸ, ಮುಸುರೆ. "ಐತಾರ ಒಂದಿನ ಮೈಗೆ ಗಾಳಿ ಹತ್ತತೈತ್ರಿ" ಎನ್ನುವಾಗ ಮಾತ್ರ ಅವರ ಮುಖ ಸ್ವಲ್ಪ ಸಡಿಲವಾಗುತ್ತದೆ.

ಬೆಟ್ಟ ಹತ್ತುವವರಲ್ಲಿ ಸುಸ್ತಾದವರನ್ನು ಗುರುತಿಸುವುದು ಕಷ್ಟವಲ್ಲ. ಇದ್ದಕ್ಕಿದ್ದಂತೆ ಅವರಿಗೆ ಫೋಟೊ ತೆಗೆಯುವ ಹುಮ್ಮಸ್ಸು ಬರುತ್ತದೆ. ದಾರಿ ಬದಿಯ ಗಿಡದ ಹೆಸರು ಕೇಳಬೇಕೆನಿಸುತ್ತದೆ. ಬಿಗಿಯಾಗಿಯೇ ಇರುವ ಬೂಟಿನ ಲೇಸು ಮತ್ತೆ ಬಿಚ್ಚಿ ಕಟ್ಟುತ್ತಾರೆ. ಕಷ್ಟವಿರುವುದು ಅವರನ್ನು ಕೂರಿಸುವುದರಲ್ಲಿ. "ದಣಿದ್ರೇನ್ರಿ ಅಂತ ಕೇಳಿದ್ರ ಯಾರೂ ಹೌದನ್ನಂಗಿಲ್ರಿ. ಜಿದ್ದಿಗೆ ಬಿದ್ದು ಇನ್ನಷ್ಟು ಜೋರು ಹತ್ತತಾರ. ಆಮ್ಯಾಲ ಅಲ್ಲೇ ಕಣ್ಣಿಗೆ ಕತ್ಲ ಬರ್ತೈತಿ."

ಅದಕ್ಕೇ ಗದಿಗೆಮ್ಮ ಕೇಳುವುದಿಲ್ಲ. ತಾವೇ ಮೊದಲು ಕೂತುಬಿಡುತ್ತಾರೆ. "ಅಯ್ಯಯ್ಯ, ನನ್ನ ಮೊಣಕಾಲ್ರೀ. ನನ್ನ ಸಲುವಾಗಿ ಜರಾ ನಿಲ್ಲತೀರೇನ್ರಿ?" ಅಷ್ಟು ಸಾಕು. ಸುಸ್ತಾದವರು ಪರೋಪಕಾರಿಗಳಾಗಿ ಪಕ್ಕದಲ್ಲಿ ಕೂರುತ್ತಾರೆ. ನೀರು ಕುಡಿಯುತ್ತಾರೆ, ಶೇಂಗಾ ಸುಲಿಯುತ್ತಾರೆ, ಉಸಿರು ಹಿಡಿತಕ್ಕೆ ಬಂದ ಮೇಲೆ "ಏಳ್ತೀರಾ ಅಮ್ಮ, ಆಗುತ್ತಾ?" ಎಂದು ಇವರನ್ನೇ ಕೇಳುತ್ತಾರೆ.

ಇದು ಅವರು ಹೊಸದಾಗಿ ಕಂಡುಹಿಡಿದ ಉಪಾಯವೇನಲ್ಲ. ಇಟ್ಟಿಗೆ ಹೊರುವ ಹೆಂಗಸರ ಗುಂಪಿನಲ್ಲಿ ಅದೊಂದು ಕಟ್ಟಳೆಯೇ ಆಗಿತ್ತು. ಬಸುರಿಯೋ, ಹೊಸಬಳೋ ಒಬ್ಬಳು ಸೋತಳು ಅನ್ನಿಸಿದರೆ ಗುಂಪಿನ ಹಿರಿಯಳು ಮೊದಲು ಕೂರಬೇಕು. ಮೇಸ್ತ್ರಿ ಬೈಯುವುದು ಹಿರಿಯಳನ್ನು. ಆ ಬೈಗಳು ಮುಗಿಯುವವರೆಗೆ ಕಿರಿಯಳ ಕಾಲಿಗೆ ಬಿಡುವು. "ನಂಗೂ ಹಂಗ ಯಾರೋ ಕುಂತಿದ್ರಿ" ಎಂದಷ್ಟೇ ಹೇಳುತ್ತಾರೆ ಗದಿಗೆಮ್ಮ. ಅವರು ಹೊಟ್ಟೆಯಲ್ಲಿ ಕೂಸಿಟ್ಟುಕೊಂಡು ಇಟ್ಟಿಗೆ ಹೊತ್ತ ದಿನಗಳು ಅವು.

ಆದರೆ ಮೊಬೈಲಿನಲ್ಲಿ ಅಭಿಪ್ರಾಯ ಬರೆಯುವವರಿಗೆ ಈ ಕಟ್ಟಳೆ ಗೊತ್ತಿಲ್ಲವಲ್ಲ. ಬೆಟ್ಟ ಚೆನ್ನಾಗಿದೆ, ಗೈಡ್ ಚೆನ್ನಾಗಿ ಮಾತಾಡುತ್ತಾರೆ, ಹಿಂದೆ ಬರುವ ಅಮ್ಮನಿಗೆ ಮಾತ್ರ ವಿಪರೀತ ಮಂಡಿನೋವು, ಅವರಿಗಾಗಿ ನಾವು ನಿಲ್ಲಬೇಕಾಯಿತು ಎಂದು ಒಬ್ಬರು ಬರೆದರು. ಅದನ್ನು ನೋಡಿ ಇನ್ನೊಬ್ಬರು. ಬರೆದವರೆಲ್ಲ ಶೇಂಗಾ ತಿಂದವರೇ. ಕಳೆದ ವಾರ ರವಿಶಂಕರ್ ಗೇಟಿನ ಬಳಿ ಗದಿಗೆಮ್ಮನನ್ನು ನಿಲ್ಲಿಸಿಕೊಂಡು ಹೇಳಿಯೇಬಿಟ್ಟರು: "ಬೇಜಾರು ಮಾಡ್ಕೋಬೇಡಿ. ಇದೊಂದು ಸಲ ನೋಡೋಣ. ಮತ್ತೆ ಮಂಡಿ ಹಿಡ್ಕೊಂಡು ಕೂತ್ರೆ ಬೆಟ್ಟ ಬೇಡ, ಬಸ್ಸಲ್ಲೇ ಇದ್ದು ಊಟದ ಕಡೆ ನೋಡ್ಕೊಳ್ಳಿ. ನಾಳೆ ಆ ಬಂಡೆ ಮೇಲೆ ನೀವೇ ಬಿದ್ರೆ ನಾನೇನು ಮಾಡ್ಲಿ?"

ರವಿಶಂಕರ್ ಕೆಟ್ಟವರಲ್ಲ. ಅವರ ಹೆದರಿಕೆ ಸುಳ್ಳೂ ಅಲ್ಲ. ಈಚೆಗೆ ಗದಿಗೆಮ್ಮನ ಮೊಣಕಾಲು ನಿಜವಾಗಿಯೂ ನೋಯತೊಡಗಿದೆ. ಇಷ್ಟು ದಿನ ಬಾಯಿಮಾತಿಗೆ ಹೇಳಿದ ನೋವು ಈಗ ರಾತ್ರಿ ಹಾಸಿಗೆಯವರೆಗೆ ಹಿಂದೆ ಬರುತ್ತದೆ.

ಈ ಭಾನುವಾರದ್ದು ಒಂದೇ ಕಚೇರಿಯ ತಂಡ. ಹೆಚ್ಚಿನವರು ಎಳೆಯರು. ಅವರ ನಡುವೆ ನಿವೃತ್ತಿಗೆ ಹತ್ತಿರವಾದ ಅಧಿಕಾರಿಯೊಬ್ಬರಿದ್ದಾರೆ, ರಾಮದಾಸ ಎಂದಿಟ್ಟುಕೊಳ್ಳೋಣ. ಘಟಕೇಸರ ದಾಟುವವರೆಗೂ ಅವರು ಹರೆಯದಲ್ಲಿ ತಾವು ಹತ್ತಿದ ಬೆಟ್ಟಗಳ ವರ್ಣನೆಯನ್ನೇ ಮಾಡಿದ್ದಾರೆ. ಹಿಂದಿನ ಸೀಟಿನಲ್ಲಿ ಕೂತ ಗದಿಗೆಮ್ಮ ಅದನ್ನು ಕೇಳಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಅಷ್ಟು ಮಾತಾಡುವವರು ಎಲ್ಲಿ ನಿಲ್ಲುತ್ತಾರೆ ಎಂಬುದು ಅವರಿಗೆ ಗೊತ್ತಿದೆ.

ಅಲ್ಲೇ ನಿಲ್ಲುತ್ತಾರೆ ಕೂಡ. ಮೆಟ್ಟಿಲು ಮುಗಿದು ಬರಿಯ ಬಂಡೆಯ ಇಳಿಜಾರು ಶುರುವಾಗುವ ಕಡೆ ರಾಮದಾಸರು ಕಂಬಿ ಹಿಡಿದು ಫೋಟೊ ತೆಗೆಯತೊಡಗುತ್ತಾರೆ. ಅಂಗಿ ಬೆನ್ನಿಗೆ ಅಂಟಿದೆ. ಮೇಲಿನ ತಿರುವಿನಲ್ಲಿ ಹುಡುಗರು ನಿಂತು "ಸರ್, ಬನ್ನಿ ಸರ್!" ಎಂದು ಕೂಗುತ್ತಾರೆ. ಅವರ ಪಕ್ಕದಲ್ಲೇ ರವಿಶಂಕರ್, ಕಣ್ಣು ಗದಿಗೆಮ್ಮನ ಮೇಲೆ.

ಗದಿಗೆಮ್ಮ ಇವತ್ತು ಕೂರಬಾರದು. ಬೇರೆ ದಾರಿ ಹುಡುಕುತ್ತಾರೆ. "ನೀರು ಕುಡೀರಿ ಸಾಹೇಬ್ರ."

"ನನಗೇನಾಗಿದೆ? ನೀವು ಕುಡೀರಿ."

"ಶೇಂಗಾ ಅದಾವ್ರಿ."

"ಬೇಡಮ್ಮ, ನಡೀರಿ ನಡೀರಿ" ಎಂದು ರಾಮದಾಸರು ಕಂಬಿ ಬಿಟ್ಟು ಹೆಜ್ಜೆ ಎತ್ತುತ್ತಾರೆ. ಕಾಲು ಇಟ್ಟ ಕಡೆ ನಿಲ್ಲದೆ ಮೈ ಒಂದು ಪಕ್ಕಕ್ಕೆ ವಾಲುತ್ತದೆ. ಆ ಪಕ್ಕದಲ್ಲಿ ಬೋಳು ಬಂಡೆ, ಕೆಳಗೆ ಊರಿನ ಮಾಳಿಗೆಗಳು.

ಗದಿಗೆಮ್ಮ ದೊಪ್ಪನೆ ಕೂತುಬಿಡುತ್ತಾರೆ. "ಅಯ್ಯಯ್ಯ, ನನ್ನ ಮೊಣಕಾಲ್ರೀ!" ಮೇಲಿನ ತಿರುವಿಗೂ ಕೇಳುವಷ್ಟು ಜೋರಾಗಿ.

ರಾಮದಾಸರು ತಿರುಗುತ್ತಾರೆ. "ಛೆ, ಆಗಲ್ಲ ಅಂದ್ಮೇಲೆ ಯಾಕಮ್ಮ ಬರ್ತೀರಿ ಇಂಥ ಕೆಲಸಕ್ಕೆ?" ಬೈಯುತ್ತ ಬೈಯುತ್ತಲೇ ಪಕ್ಕದಲ್ಲಿ ಕೂರುತ್ತಾರೆ. ಗದಿಗೆಮ್ಮ ತಮಗೆಂದು ನಿಂಬೆಹಣ್ಣು ಹಿಂಡಿಕೊಂಡು, ಹೆಚ್ಚಾಯಿತೆಂಬ ನೆವದಲ್ಲಿ ಚಾಚಿದ ನೀರನ್ನು ಪೂರ್ತಿ ಕುಡಿಯುತ್ತಾರೆ. ಮುಖಕ್ಕೆ ಬಣ್ಣ ಬರುತ್ತದೆ. ಆಮೇಲೆ ಎದ್ದು ಕೈ ಚಾಚುತ್ತಾರೆ. "ಬನ್ನಿ, ನಾನು ಹತ್ತಿಸ್ತೀನಿ. ಹೆದರ್ಬೇಡಿ."

ಗದಿಗೆಮ್ಮ ಆ ಕೈ ಹಿಡಿಯುತ್ತಾರೆ. ಹಿಡಿದದ್ದು ಇಟ್ಟಿಗೆ ಹೊತ್ತ ಕೈ. ಬಂಡೆಯ ಕಡಿದಾದ ಕಡೆಯಲ್ಲೆಲ್ಲ ಅವರೇ ಒಂದು ಹೆಜ್ಜೆ ಕೆಳಗೆ ನಿಂತು ರಾಮದಾಸರ ಭಾರ ಹೊರುತ್ತಾರೆ. ಮೇಲಿನಿಂದ ನೋಡುವವರಿಗೆ ಕಾಣುವುದು ಇಷ್ಟೇ: ಹಿರಿಯ ಅಧಿಕಾರಿಯೊಬ್ಬರು ಕುಂಟುವ ಕೆಲಸದಾಕೆಯನ್ನು ಕೈ ಹಿಡಿದು ಕರೆತರುತ್ತಿದ್ದಾರೆ.

ನೆತ್ತಿ ತಲುಪಿದಾಗ ಹುಡುಗರು ಚಪ್ಪಾಳೆ ತಟ್ಟುತ್ತಾರೆ. ರಾಮದಾಸರು ಅಲ್ಲಿಂದಲೇ ಮನೆಗೆ ಫೋನು ಹಚ್ಚುತ್ತಾರೆ. "ನೋಡು, ತುದೀಲಿದೀನಿ. ಪಾಪ, ಒಬ್ರು ಹೆಂಗಸಿಗೆ ಆಗ್ತಾ ಇರ್ಲಿಲ್ಲ, ಕೈ ಹಿಡಿದು ಹತ್ತಿಸ್ದೆ. ಇನ್ನು ಮುದುಕ ಅನ್ಬೇಡ ನನ್ನ!" ಆ ಕಡೆಯಿಂದ ಹೆಂಗಸಿನ ನಗು ಕೇಳುತ್ತದೆ. ಗದಿಗೆಮ್ಮ ಕೋಟೆಯ ಬತೇರಿಯ ನೆರಳಿಗೆ ಸರಿದು ನಿಲ್ಲುತ್ತಾರೆ.

ರವಿಶಂಕರ್ ಅಲ್ಲಿಗೇ ಬರುತ್ತಾರೆ. ದನಿ ತಗ್ಗಿಸಿ ಕೇಳುತ್ತಾರೆ: "ನಿಜ ಹೇಳಿ ಗದಿಗೆಮ್ಮ. ನಿಮ್ಮ ಮಂಡಿ ಹಿಡಿದಿದ್ದಾ, ಅವ್ರಿಗೆ ಸುಸ್ತಾಗಿದ್ದಾ?"

ಒಂದು ಮಾತು ಹೇಳಿದರೆ ಸಾಕು. ಬೆಟ್ಟ ಉಳಿಯುತ್ತದೆ, ಭಾನುವಾರ ಉಳಿಯುತ್ತದೆ. ಆದರೆ ರಾಮದಾಸರು ಮಾತು ಕೇಳಿಸುವಷ್ಟು ಹತ್ತಿರದಲ್ಲೇ ನಿಂತಿದ್ದಾರೆ. ಫೋನು ಇನ್ನೂ ಕಿವಿಯಲ್ಲಿದೆ, ಮುಖದ ಮೇಲೆ ಹುಡುಗನೊಬ್ಬನ ಸಂಭ್ರಮವಿದೆ.

"ನಂದ್ರಿ" ಎನ್ನುತ್ತಾರೆ ಗದಿಗೆಮ್ಮ. "ಹಿಡದಿತ್ತು."

ಮಧ್ಯಾಹ್ನ ರಾಚಕೊಂಡದಲ್ಲಿ ಅವರು ಬಸ್ಸಿನಲ್ಲೇ ಉಳಿಯುತ್ತಾರೆ. ಖಾಲಿಯಾದ ಅನ್ನದ ಪಾತ್ರೆ ತೊಳೆದು, ಕಿಟಕಿಯ ಪಕ್ಕ ಕೂತು ಮೊಣಕಾಲು ಒತ್ತಿಕೊಳ್ಳುತ್ತಾರೆ. ಗುಂಡುಕಲ್ಲುಗಳ ನಡುವೆ ಸಾಲು ಮೇಲೇರುತ್ತದೆ. ಈಗ ಕಡೆಯಲ್ಲಿರುವುದು ಬಿಳಿ ಟೋಪಿಯ ಹುಡುಗಿ. ಅವಳು ನಿಂತು ಗಿಡವೊಂದರ ಫೋಟೊ ತೆಗೆಯುತ್ತಾಳೆ. ಗದಿಗೆಮ್ಮ ಅರ್ಧ ಎದ್ದು ಚೀಲಕ್ಕೆ ಕೈ ಹಾಕುತ್ತಾರೆ. ಹುಡುಗಿ ಮತ್ತೆ ಹೊರಟ ಮೇಲೂ ಅವರಿಗೆ ಸಮಾಧಾನವಾಗುವುದಿಲ್ಲ. "ಆಕಿ ಹಿಂದ ಯಾರೂ ಇಲ್ಲ" ಎಂದು ಗೊಣಗುತ್ತಾರೆ.

ನಿಜ ಸಂಗತಿ ಹೊರಬಿದ್ದಿದ್ದು ಅಮರೇಶಪ್ಪನ ಬಾಯಿಂದ. ಎರಡು ದಿನದ ಮೇಲೆ ಈ ಬರಹಕ್ಕೆಂದು ಮಾತಾಡಿಸಲು ಹೋದಾಗ, ಮಣಿಕೊಂಡದ ಆ ಕೋಣೆಯಲ್ಲಿ ಚಹಾ ಕೊಡುತ್ತ ಅವರು ಸಿಡುಕಿದರು: "ಈಕಿ ಬಾಯಿ ಬಿಟ್ರ ಆಗ್ತಿತ್ತಲ್ರಿ. ಬೆಟ್ಟದಾಗ ಕುಂತದ್ದೆಲ್ಲಾ ಮಂದಿ ಸಲುವಾಗಿ. ಊರ ದಣಿವೆಲ್ಲ ತನ್ನ ಮೊಣಕಾಲಿಗೆ ಹಚ್ಚಿಕೊಂಡ್ಲು. ಈಗ ನೋಡ್ರಿ, ಖರೇನ ಹಿಡದೈತಿ." ಗದಿಗೆಮ್ಮ ಗಂಡನನ್ನು ದುರುಗುಟ್ಟಿ ನೋಡಿದರು. ಆದರೆ ಇಲ್ಲವೆನ್ನಲಿಲ್ಲ.

ಮುಂದಿನ ಭಾನುವಾರ ಸಾಲಿನ ಕಡೆಯಲ್ಲಿ ಬೇರೆ ಯಾರೋ ನಡೆಯುತ್ತಾರೆ. ಅವರಿಗೆ ಹೇಳುವುದು ಏನಾದರೂ ಇದೆಯೇ ಎಂದರೆ, "ಯಾರಿಗೂ ದಣಿದ್ರೇನು ಅಂತ ಕೇಳಬಾರದು. ಮೊದ್ಲ ತಾ ಕುಂದರಬೇಕು. ಅಷ್ಟ" ಎನ್ನುತ್ತಾರೆ. ತಮಗೆ ಏನು ಬೇಕು ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. ಒತ್ತಾಯಿಸಿದ ಮೇಲೆ ಈ ಬರಹಕ್ಕೆ ಒಂದು ಷರತ್ತು ಹಾಕುತ್ತಾರೆ. ಆ ಸಾಹೇಬರ ಹೆಸರು ಬದಲಿಸಬೇಕು, ಕಚೇರಿಯ ಹೆಸರು ಬರಲೇಬಾರದು. ಎರಡೂ ಒಪ್ಪಿಗೆಯಾದ ಮೇಲೂ ಬಾಗಿಲ ತನಕ ಬಂದು, ಚೌಕಟ್ಟು ಹಿಡಿದು ನಿಲ್ಲುತ್ತಾರೆ.

"ಮತ್ತೊಂದು ಮಾತ್ರಿ. ಅವ್ರ ನನ್ನ ಕೈ ಹಿಡದು ಹತ್ತಿಸಿದ್ರು ಅಂತನ ಬರೀರಿ. ಮನಿಗೆ ಫೋನ್ ಮಾಡಿ ಹಂಗ ಹೇಳ್ಯಾರ. ಸುಳ್ಳಾಗಬಾರದು."