ಅಜ್ಜಿಯ ಐದು ಅಂಕ

ನಮ್ಮ ಶಾಲೆಗೆ ಎಪ್ಪತ್ತೈದು ತುಂಬಿತೆಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ. ನಾನು ಹಳೆಯ ವಿದ್ಯಾರ್ಥಿ ಸಂಘದ ಉಪಾಧ್ಯಕ್ಷ, ಹೆಸರು ದುಂಡೇಶ. ಕಾಗವಾಡದಲ್ಲಿ ಎಂಟು ಎಕರೆ ದ್ರಾಕ್ಷಿ ತೋಟ, ಒಂದು ಮಣೂಕದ ಶೆಡ್ಡು, ಅಂದರೆ ದ್ರಾಕ್ಷಿ ಒಣಗಿಸಿ ಆರಿಸುವ ಜಾಗ, ನನ್ನದಿದೆ. ಶಾಲೆಗೂ ನಮ್ಮ ಮನೆತನಕ್ಕೂ ಇರುವ ನಂಟಿನ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ಸಂಪಾದಕರು ಮೂರು ಸಲ ಫೋನ್ ಮಾಡಿದರು. ಬರೆಯಲು ಕೂತರೆ ನಮ್ಮ ಮನೆತನದ ಒಬ್ಬರ ಮುಖವೂ ಕಣ್ಣ ಮುಂದೆ ಬರುತ್ತಿಲ್ಲ. ಬರುವವಳು ಶರೀಫಾಬಿ ಒಬ್ಬಳೇ. ಹಾಗಾಗಿ ಆಕೆಯ ಬಗ್ಗೆಯೇ ಬರೆಯುತ್ತೇನೆ. ಅವರು ಇದನ್ನು ಅಚ್ಚು ಹಾಕುವುದಿಲ್ಲ, ಅದು ನನಗೆ ಗೊತ್ತು.

ಶರೀಫಾಬಿಗೆ ಈಗ ಅರವತ್ತಾರು, ಅರವತ್ತೇಳು. ಕುಳ್ಳಗಿನ ಹೆಂಗಸು, ನಡಿಗೆ ಮಾತ್ರ ಬಿರುಸು. ನಮ್ಮ ಶೆಡ್ಡಿನಲ್ಲಿ ಇಪ್ಪತ್ತು ಹೆಂಗಸರು ಮಣೂಕ ಆರಿಸಲು ಕೂರುತ್ತಾರೆ, ಅವರಿಗೆಲ್ಲ ಆಕೆಯೇ ಮುಕಾದಮಳು. ಒಂದು ಹಿಡಿ ಕೈಯಲ್ಲೆತ್ತಿ, ಇದು ಎರಡು ದಿನ ಹೆಚ್ಚು ಒಣಗಿದೆ ಎಂದು ಹೇಳಿಬಿಡುವಳು. ಮಾತು ಖಾರ. ವ್ಯಾಪಾರಿಗಳು ದರ ಇಳಿಸಲು ಮಾಲಿನಲ್ಲಿ ತಪ್ಪು ಹುಡುಕಿದರೆ ನನಗಿಂತ ಮೊದಲು ಆಕೆಯೇ ಬಾಯಿ ತೆಗೆಯುವಳು. ಗಂಡ ಉಸ್ಮಾನ ಪಾತ್ರೆಗೆ ಕಲಾಯಿ ಹಾಕುತ್ತಿದ್ದ, ತೀರಿಹೋಗಿ ಬಹಳ ವರ್ಷವಾಯಿತು. ಮಗ ಅಫ್ಜಲ ಮಿರಜಿನ ಮಾರ್ಕೆಟ್ಟಿಗೆ ಟೆಂಪೋ ಹೊಡೆಯುತ್ತಾನೆ. ಅಫ್ಜಲನ ಮಗಳು ಕಹಕಶಾ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಶರೀಫಾಬಿ ಕನ್ನಡಕ ಏರಿಸಿ ಹೆಂಗಸರಿಗೆಲ್ಲ ಪೇಪರ್ ಓದಿ ಹೇಳುವಳು. ಆಕೆಯ ವಯಸ್ಸಿನ ಹೆಂಗಸರಲ್ಲಿ ಓದು ಬಂದವರು ನಮ್ಮ ಓಣಿಯಲ್ಲಿ ಮತ್ತೊಬ್ಬರಿಲ್ಲ. ಈಕೆ ಎಲ್ಲಿ ಕಲಿತಳು ಎಂದು ನಾನು ಮೂವತ್ತು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲ. ಕೂಲಿಗೆ ಬರುವವರ ಬಗ್ಗೆ ಅಂಥದ್ದನ್ನೆಲ್ಲ ಕೇಳಬೇಕೆಂದು ನಮಗೆ ಅನ್ನಿಸುವುದೇ ಇಲ್ಲ.

ಈಗ ಸೀಟಿನ ವಿಷಯ. ನಮ್ಮ ಶಾಲೆಯ ಸಂಸ್ಥೆಯೇ ನಡೆಸುವ ಸೈನ್ಸ್ ಪಿಯು ಕಾಲೇಜಿನಲ್ಲಿರುವುದು ಎಂಬತ್ತು ಸೀಟು. ರಾಯಬಾಗ, ಅಥಣಿ, ಚಿಕ್ಕೋಡಿಯಿಂದೆಲ್ಲ ಪಾಲಕರು ಬಂದು ಸಾಲು ಹಚ್ಚುತ್ತಾರೆ. ಹಾಸ್ಟೆಲ್ಲು, ನೀಟ್ ತರಬೇತಿ ಎಲ್ಲ ಒಂದೇ ಆವರಣದಲ್ಲಿ, ಫೀ ಹೊರಗಿನ ಅರ್ಧಕ್ಕಿಂತ ಕಡಿಮೆ. ಹತ್ತನೆಯ ತರಗತಿಯ ಅಂಕ ನೋಡಿ ಪಟ್ಟಿ ಮಾಡುತ್ತಾರೆ. ಆ ಅಂಕಕ್ಕೆ ಮೂರು ವರ್ಷದ ಹಿಂದೆ ನಾವು ಸಂಘದವರು ಒಂದು ಬಾಲ ಅಂಟಿಸಿದೆವು. ತಂದೆಯೋ ತಾಯಿಯೋ ನಮ್ಮ ಶಾಲೆಯಲ್ಲಿ ಓದಿದ್ದರೆ ಮಗುವಿಗೆ ಐದು ಅಂಕ ಹೆಚ್ಚು. ಅಜ್ಜನೋ ಅಜ್ಜಿಯೋ ಓದಿದ್ದರೆ ಮತ್ತೈದು.

ಸಭೆಯಲ್ಲಿ ಇದರ ಪರವಾಗಿ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಮಾತಾಡಿದವನು ನಾನೇ. ಶಾಲೆಯನ್ನು ಕೈಹಿಡಿದು ನಡೆಸಿದ ಮನೆತನಗಳಿಗೆ ಒಂದು ಮಾನ ಬೇಡವೇ ಎಂದೆ. ನಿವೃತ್ತ ಗಣಿತ ಶಿಕ್ಷಕರು ದಶರಥ ಸರ್ ಎದ್ದು ನಿಂತು, "ಅಪ್ಪ ಸಾಲಿ ಕಲ್ತಿಲ್ಲ ಅಂದ್ರ ಅದು ಹುಡುಗರ ತಪ್ಪೇನ್ರಿ? ಮೊದ್ಲ ಅವ್ರು ಹಿಂದ ಬಿದ್ದಾರ, ನೀವು ಇನ್ನೂ ಹತ್ತು ಅಂಕ ಹಿಂದ ದೂಡಾಕತ್ತೀರಿ," ಅಂದರು. "ಸರ್, ನಿಮ್ಮ ಲೆಕ್ಕ ಕ್ಲಾಸಿನ್ಯಾಗೂ ನಮಗ ತಿಳೀತಿದ್ದಿಲ್ಲ, ಈಗೂ ತಿಳೀಲಿಲ್ಲ," ಎಂದೆ. ಸಭೆ ನಕ್ಕಿತು. ನಗಿಸಿದ್ದಕ್ಕೆ ಅಂದು ನನಗೆ ಹೆಮ್ಮೆಯಾಗಿತ್ತು.

ಈ ವರ್ಷ ನನ್ನ ಮಗಳು ರೂಪಾಲಿ ಹತ್ತನೆಯದು ಮುಗಿಸಿದಳು. ಆರುನೂರಾ ಇಪ್ಪತ್ತೈದಕ್ಕೆ ಆರುನೂರಾ ನಾಲ್ಕು. ಸರ್ಕಾರಿ ಶಾಲೆಯ ಕಹಕಶಾಳಿಗೆ ಆರುನೂರಾ ಹನ್ನೊಂದು. ಶರೀಫಾಬಿ ಅಂದು ಶೆಡ್ಡಿನ ಎಲ್ಲರ ಕೈಗೂ ಒಂದೊಂದು ಜಿಲೇಬಿ ಇಟ್ಟಳು. "ಡಾಕ್ಟರ್ಕಿ ಆಗ್ತಾಳಂತ ನಮ್ಮ ಕಹಕಶಾ. ದೂರಂತೂ ನಾವು ಕಳ್ಸಾಂಗಿಲ್ಲ, ಕಳ್ಸೂದೂ ನೀಗಾಂಗಿಲ್ಲ. ಇಲ್ಲೇ ಸೀಟ್ ಸಿಕ್ರ ಮುಂಜಾನಿ ನಡಕೋತ ಹೋಗ್ತಾಳ," ಅಂದಳು. ನಾನೂ ಜಿಲೇಬಿ ತಿಂದೆ.

ನಾನು ಆ ಶಾಲೆಯಲ್ಲೇ ಓದಿದವನು, ಹಾಗಾಗಿ ರೂಪಾಲಿಗೆ ಐದು ಅಂಕ ಖಾತ್ರಿ. ಅಪ್ಪ ತೆಲಸಂಗದಿಂದ ಮನೆ ಅಳಿಯನಾಗಿ ಬಂದವರು, ಅವರಿಂದ ಏನೂ ಸಿಗದು. ಉಳಿದವಳು ಅವ್ವ. ಅವ್ವನ ಹೆಸರು ರುಕ್ಮವ್ವ, ಈ ಊರಿನ ಬಾಬಾಸಾಹೇಬರ ಒಬ್ಬಳೇ ಮಗಳು. ಹೆಬ್ಬೆಟ್ಟು ಒತ್ತುವವಳು. ಆದರೂ ಆಫೀಸಿನ ಗುಮಾಸ್ತ ಗುರಪ್ಪನಿಗೆ, ಹಳೇ ರಜಿಸ್ಟರ್ ಒಮ್ಮೆ ನೋಡು ಮಾರಾಯ ಎಂದೆ. ಗುರಪ್ಪ ಎರಡೇ ದಿನದಲ್ಲಿ ಹಲ್ಲು ಕಿರಿಯುತ್ತ ಬಂದ. "ಸಿಕ್ಕಾಳ್ರಿ ನಿಮ್ಮವ್ವಾರು! ರುಕ್ಮವ್ವ ಬಾಬಾಸಾಹೇಬ, ನಾಕನೇ ಇಯತ್ತೆ ಪಾಸ್. ಅಕ್ಷರ ಚಂದ ಅಂತ ಷರಾ ಬ್ಯಾರೆ ಬರದಾರ."

ಹೆಬ್ಬೆಟ್ಟಿನ ಅವ್ವನಿಗೆ ಚಂದದ ಅಕ್ಷರ! ಮನೆಗೆ ಹೋಗಿ ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಅವ್ವ ಉತ್ತರ ಕೊಟ್ಟುಬಿಡುತ್ತಾಳೆ ಎಂಬ ಹೆದರಿಕೆಯಿಂದ ಕೇಳಲಿಲ್ಲ. ಕಲಿತದ್ದು ಮರೆತಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ದಾಖಲೆಯನ್ನು ಅರ್ಜಿಗೆ ಲಗತ್ತಿಸಿದೆ.

ಶುಕ್ರವಾರ ಪಟ್ಟಿ ಹಚ್ಚಿದರು. ರೂಪಾಲಿ ಆರುನೂರಾ ಹದಿನಾಲ್ಕು ಅಂಕದೊಂದಿಗೆ ಎಂಬತ್ತನೆಯವಳು, ಅಂದರೆ ಕೊನೆಯ ಸೀಟು. ಅದರ ಕೆಳಗೆ ಕಾಯುವವರ ಪಟ್ಟಿಯಲ್ಲಿ ಮೊದಲ ಹೆಸರು ಕಹಕಶಾ. ಪೇಡೆ ತಂದು ಅವ್ವನ ಕೈಗೆ ಕೊಟ್ಟೆ. ಅವ್ವ ಮೊದಲು ಕೇಳಿದ್ದು ಶರೀಫಾಬಿಯ ಮೊಮ್ಮಗಳ ಬಗ್ಗೆ.

"ಸಿಗ್ಲಿಲ್ಲಬೇ. ವೇಟಿಂಗ್‌ನ್ಯಾಗ ಅದಾಳ."

"ಆಕೀಗೆ ಮಾರ್ಕ್ಸ್ ಎಷ್ಟೋ?"

"ಆರನೂರಾ ಹನ್ನೊಂದು."

"ನಮ್ಮ ರೂಪಾಲಿಗೆ ಆರನೂರಾ ನಾಕು ಅಂದಿದ್ದಿ. ಹೆಚ್ಚು ತಗೊಂಡಾಕಿ ಹೊರಗ, ಕಡಿಮಿ ತಗೊಂಡಾಕಿ ಒಳಗ. ಅದ್ಹೆಂಗ?"

ನಿಯಮ ಬಿಡಿಸಿ ಹೇಳಿದೆ. ನನ್ನಿಂದ ಐದು, ನಿನ್ನಿಂದ ಐದು ಎಂದೆ. ಅವ್ವ ಪೇಡೆಯನ್ನು ತಟ್ಟೆಗೆ ಇಟ್ಟುಬಿಟ್ಟಳು.

"ನಾ ಆ ಸಾಲಿ ಹೊಸ್ತಿಲಾ ತುಳದಿಲ್ಲೋ ದುಂಡ್ಯಾ. ಅದು ನಾ ಅಲ್ಲ, ಶರೀಫಾ."

ಅವ್ವ ಹೇಳಿದ್ದು ಇಷ್ಟು. ಆಗ ಶಾಲೆಯಲ್ಲಿ ಹೆಣ್ಣುಮಕ್ಕಳ ವರ್ಗಕ್ಕೆ ಜನಾಬಾಯಿ ಎಂಬ ಅಕ್ಕೋರು ಹೊಸದಾಗಿ ಬಂದಿದ್ದರು. ಹಾಜರಿಯಲ್ಲಿ ಇಪ್ಪತ್ತೈದು ಹುಡುಗಿಯರಿದ್ದರೆ ಮಾತ್ರ ಅವರ ನೌಕರಿ ಉಳಿಯುವುದಿತ್ತು. ಒಬ್ಬಳು ಕಡಿಮೆ ಬಿದ್ದಳು. ಅಕ್ಕೋರು ನಮ್ಮ ವಾಡೆಗೆ ಬಂದು ಅಜ್ಜನ ಮುಂದೆ ಕೈಮುಗಿದರು. ಅಜ್ಜ ಶಾಲೆಯ ಕಮಿಟಿಯಲ್ಲಿದ್ದವನು. "ಹೆಸರ ಬೇಕಾದ್ರ ಬರಕೊಳ್ರಿ. ಮಗಳು ಮಾತ್ರ ವಾಡೇದ ಬಾಗಲಾ ದಾಟಾಂಗಿಲ್ಲ," ಅಂದನಂತೆ. ಹೆಸರು ರಜಿಸ್ಟರಿಗೆ ಹೋಯಿತು, ಹುಡುಗಿ ಮನೆಯಲ್ಲೇ ಉಳಿದಳು.

ಮುಂದೆ ಇನ್‌ಸ್ಪೆಕ್ಟರು ತಲೆ ಎಣಿಸಲು ಬರುವ ದಿನ ಬಂತು. ಕಲಾಯಿಯವನ ಮಗಳು ಶರೀಫಾ ಅಪ್ಪನ ಜೊತೆ ಓಣಿಯಲ್ಲಿ ತಿದಿ ಒತ್ತುತ್ತಿದ್ದಳು. ಅಕ್ಕೋರು ಆಕೆಯ ಮುಖ ತೊಳೆಸಿ, ರುಕ್ಮವ್ವ ಎಂದು ಕರೆದಾಗ ಎದ್ದು ನಿಲ್ಲು ಎಂದು ಹೇಳಿಕೊಟ್ಟು ಕೂರಿಸಿದರು. ಆ ದಿನ ಮುಗಿದರೂ ಹುಡುಗಿ ಮರುದಿನ ತಾನಾಗಿಯೇ ಬಂದಳು. ಅದರ ಮರುದಿನವೂ ಬಂದಳು. ಅಕ್ಕೋರಿಗೆ ಓಡಿಸಲು ಮನಸ್ಸಾಗಲಿಲ್ಲ. ಆಕೆಯ ಹೆಸರನ್ನೇ ಬರೆದುಕೊಂಡರೆ ರುಕ್ಮವ್ವನ ಜಾಗ ಖಾಲಿ ಬಿದ್ದು ಲೆಕ್ಕ ಮತ್ತೆ ತಪ್ಪುತ್ತದೆ. ಮುಂದಿನ ವರ್ಷ ಬರೆಯೋಣ ಎಂದರು. ಆ ಮುಂದಿನ ವರ್ಷ ಬರಲೇ ಇಲ್ಲ. ನಾಲ್ಕು ವರ್ಷ ಶರೀಫಾ ನಮ್ಮವ್ವನ ಹೆಸರಲ್ಲಿ ಓದಿದಳು, ನಮ್ಮವ್ವನ ಹೆಸರಲ್ಲಿ ಪಾಸಾದಳು. ಸಂಜೆ ಹಿತ್ತಲಿಗೆ ಬಂದು ಅವ್ವನಿಗೆ ಪಾಠ ಹೇಳಲು ನೋಡುತ್ತಿದ್ದಳಂತೆ. "ನನಗ ತಲೀಗೆ ಹತ್ತಲಿಲ್ಲೋ," ಎಂದು ಅವ್ವ ಕಣ್ಣೊರೆಸಿಕೊಂಡಳು. ಮುಂದೆ ಐದನೆಯದಕ್ಕೆ ಸೇರಲು ದಾಖಲೆ ಬೇಕಾಯಿತು. ಇದ್ದ ದಾಖಲೆ ರುಕ್ಮವ್ವನದು. ಶರೀಫಾಬಿಯ ಓದು ಅಲ್ಲಿಗೆ ನಿಂತಿತು.

"ಸೋಮವಾರ ಆಫೀಸಿಗೆ ಹೋಗಿ ಇದ್ದದ್ದು ಇದ್ದಾಂಗ ಹೇಳು. ಆ ಐದು ಅಂಕ ಆಕೀವು," ಅಂದಳು ಅವ್ವ. ಅಷ್ಟಕ್ಕೇ ಸುಮ್ಮನಾಗದೆ ಅಂದೇ ಸಂಜೆ ಶರೀಫಾಬಿಯ ಮನೆಗೂ ಹೋಗಿ ಹೇಳಿಬಂದಳು.

ಮರುದಿನ ಬೆಳಿಗ್ಗೆ ಶರೀಫಾಬಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಅವ್ವನ ಗೆಳತಿಯೆಂದು ಚಿಕ್ಕಂದಿನಿಂದ ನಾನು ಆಕೆಯನ್ನು ಮೌಶಿ ಅನ್ನುವವನು. ಆಕೆ ಅಳಲಿಲ್ಲ, ಕೈಮುಗಿಯಲಿಲ್ಲ.

"ರೂಪಾಲಿ ಮ್ಯಾಗ ನಂದೇನ ಸಿಟ್ಟಿಲ್ಲಪ್ಪಾ. ಖರೇ ಇದ್ದದ್ದು ಅಷ್ಟ ಹೇಳು. ನಾ ಹೋಗಿ ಹೇಳಿದ್ರ, ಮೊಮ್ಮಗಳ ಸಲುವಾಗಿ ಮುದುಕಿ ಕಥಿ ಕಟ್ಟ್ಯಾಳ ಅಂತಾರ. ನೀ ಸಂಘದಾವ, ನಿನ್ನ ಮಾತು ನಂಬ್ತಾರ. ಸೋಮವಾರ ಸಂಜೀಮಟಾ ಟೈಮ್ ಐತಂತ."

"ಹೇಳ್ತೀನಿ ಮೌಶಿ," ಎಂದೆ. ಅನ್ನುವಾಗ ಹೇಳುವ ಮನಸ್ಸೂ ಇತ್ತು, ಇದಂತೂ ಸುಳ್ಳಲ್ಲ.

ಆದರೆ ಸೋಮವಾರಕ್ಕೆ ಇನ್ನೂ ಎರಡು ದಿನ ಇದ್ದವು. ರೂಪಾಲಿ ಗೆಳತಿಯರಿಗೆಲ್ಲ ಸುದ್ದಿ ಕೊಟ್ಟಿದ್ದಳು. ಮನೆ ಊರಲ್ಲೇ ಇದ್ದರೂ ನೀಟ್ ಓದಿಗೆ ಹಾಸ್ಟೆಲ್ಲೇ ಒಳ್ಳೆಯದೆಂದು ಹೆಂಡತಿ ಹೊಸ ಹಾಸಿಗೆ ಹೊಲಿಯಲು ಹಾಕಿದ್ದಳು. ಧಾರವಾಡದ ಕಾಲೇಜಿಗಾದರೂ ಮಗಳನ್ನು ಕಳಿಸುವ ಶಕ್ತಿ ನನಗಿತ್ತು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಕಷ್ಟವಾಗಿದ್ದದ್ದು ಮಗಳ ಸೀಟು ಬಿಡುವುದಲ್ಲ. ನಾನೇ ಎದೆ ತಟ್ಟಿ ತಂದ ನಿಯಮ, ನಾನೇ ಕೊಟ್ಟ ದಾಖಲೆ, ಅದು ಖೊಟ್ಟಿ ಎಂದು ನಾನೇ ಹೋಗಿ ಹೇಳಬೇಕಲ್ಲ! ದಶರಥ ಸರ್ ಮುಖ ಕಣ್ಣಿಗೆ ಕಟ್ಟಿತು.

ಸೋಮವಾರ ಹನ್ನೊಂದಕ್ಕೆ ಆಫೀಸಿಗೆ ಹೋದೆ. ಗುರಪ್ಪ ಎದ್ದು ನಿಂತು ಕುರ್ಚಿ ಕೊಟ್ಟ. "ಏನ್ ಸೇವಾ ಸಾವ್ಕಾರ?" ಎಂದು ಕೇಳಿದ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ ಮಾತು ಬೇರೆಯೇ ಇತ್ತು. "ಹಾಸ್ಟೆಲ್ಲಿನ್ಯಾಗ ಎಷ್ಟು ದೊಡ್ಡ ಟ್ರಂಕ್ ಇಡಾಕ ಬಿಡ್ತಾರೋ?" ಎಂದು ಕೇಳಿದೆ. ಎರಡೂವರೆ ಫೂಟು ಅಂದ. ಚಹಾ ತರಿಸಿದ, ಕುಡಿದೆ. ಅರ್ಧ ತಾಸು ಕೂತು ಎದ್ದು ಬಂದೆ.

ಮನೆಯಲ್ಲಿ ಅವ್ವ ಕಟ್ಟೆಯ ಮೇಲೆ ಕಾಯುತ್ತಿದ್ದಳು. "ಹೇಳಿದೇನೋ?"

"ಹೇಳಿದೆಬೇ. ಶರೀಫಾ ಮೌಶಿನ ಕಲ್ತದ್ದು ಅಂದೆ. ರಜಿಸ್ಟರಿನ್ಯಾಗ ಇದ್ದ ಹೆಸರ ಖರೇ, ಬಾಯಿಮಾತು ನಡ್ಯಾಂಗಿಲ್ಲ ಅಂದ್ರು."

ನಲವತ್ತೆಂಟು ವರ್ಷದವನು ಹೆತ್ತವ್ವನ ಮುಖ ನೋಡಿ ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಅವ್ವ ನಂಬಿದಳು. ಐದು ಗಂಟೆಗೆ ಪ್ರವೇಶ ಮುಗಿಯಿತು. ಕಹಕಶಾ ಈಗ ಊರಿನ ಸರ್ಕಾರಿ ಕಾಲೇಜಿನಲ್ಲಿ ಕಾಮರ್ಸ್ ಓದುತ್ತಿದ್ದಾಳೆ, ಅಲ್ಲಿ ಸೈನ್ಸ್ ಇಲ್ಲ.

ಮಂಗಳವಾರ ಶರೀಫಾಬಿ ಕೆಲಸಕ್ಕೆ ಬರಲಾರಳು ಎಂದುಕೊಂಡಿದ್ದೆ, ಬರದಿದ್ದರೆ ಒಳ್ಳೆಯದಿತ್ತು ಅಂತಲೂ ಅನ್ನಿಸಿತ್ತು. ಎಂದಿಗಿಂತ ಮೊದಲೇ ಬಂದಳು. ಹೆಂಗಸರನ್ನು ಒಳಗೆ ಕಳಿಸಿ ನೆಟ್ಟಗೆ ನನ್ನ ಹತ್ತಿರ ಬಂದಳು. ಬೈದರೆ ಬೈಯಿಸಿಕೊಳ್ಳೋಣ ಎಂದು ನಾನು ತಲೆ ತಗ್ಗಿಸಿ ನಿಂತೆ.

"ನಿಮ್ಮವ್ವ ಎಲ್ಲಾ ಹೇಳಿದ್ಳು. ಹೋಗ್ಲಿ ಬಿಡು, ಕಾಯ್ದೆ ಹಂಗ ಇದ್ರ ನೀ ಏನ್ ಮಾಡ್ತಿ," ಅಂದಳು. ದನಿ ಇಳಿಸಿ ಕೇಳಿದಳು. "ಆದ್ರ, ಅಲ್ಲಿ ಎಲ್ಲಾರ ಮುಂದ ನನ್ನ ಹೆಸರ ಹೇಳಿದ್ಯಾ? ಕಲ್ತಾಕಿ ಶರೀಫಾಬಿ ಅಂತ?"

"ಹೇಳಿದೆ ಮೌಶಿ."

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಕಣ್ಣು ತುಂಬಿದ್ದವು. ನನ್ನ ಎರಡೂ ಕೈ ಹಿಡಿದುಕೊಂಡಳು.

"ನಿನ್ನ ಹೊಟ್ಟಿ ತಣ್ಣಗಿರಲಿ ಮಗನ. ಐವತ್ತೆಂಟು ವರ್ಷ ಆತು. ಆ ಸಾಲ್ಯಾಗ ನನ್ನ ಹೆಸರ ಒಂದಿನಾನೂ ಯಾರೂ ಅಂದಿದ್ದಿಲ್ಲ. ನೀನ ಮೊದಲನೇದಾವ."