ಸುಮ್ಮನೆ ಕೂತ ಕಂಪ್ಯೂಟರಿನ ಹನ್ನೊಂದು ಜಿಬಿ

ನಮ್ಮ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರನ್ನು ಎದುರಿಗೆ ಎಲ್ಲರೂ ಮೇಷ್ಟ್ರೇ ಎನ್ನುತ್ತಿದ್ದರು. ಬೆನ್ನ ಹಿಂದೆ ಅವರ ಹೆಸರು ಒತ್ತಕ್ಷರ. ಮೂವತ್ತೊಂದು ವರ್ಷ ಕೆಂಪು ಪೆನ್ನು ಹಿಡಿದು ಕೂತಿದ್ದ ಮನುಷ್ಯ. ಪುಟವನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತಿದ್ದರು. ಮೇಲಿನಿಂದ ಓದಿದರೆ ಅರ್ಥ ಕಣ್ಣಿಗೆ ಮಣ್ಣೆರಚುತ್ತದೆ, ತಪ್ಪು ಕಾಣುವುದಿಲ್ಲ ಎಂಬುದು ಅವರ ವಾದ. ಬೈಂಡಿಂಗ್ ಮಾಡುತ್ತಿದ್ದ ನನಗೆ ಈ ಶಿಸ್ತು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಅವರು ತಿದ್ದಿ ಮುಗಿಸುವಷ್ಟರಲ್ಲಿ ನಾನು ಕಲಸಿಟ್ಟ ಅಂಟು ಗಟ್ಟಿಯಾಗಿರುತ್ತಿತ್ತು.

ಅವರ ಜೀವದ ಗೆಳೆಯ ಅಚ್ಚುಮೊಳೆ ಜೋಡಿಸುವವನು. ನಮಗೆಲ್ಲ ಅವನು ಬರೀ ಮೊಳೆ. ಅಚ್ಚುಮೊಳೆಗಳ ಕಾಲ ಮುಗಿದ ಮೇಲೆ ಕಂಪ್ಯೂಟರ್ ಕಲಿತು ರಿಪೇರಿಗೂ ಇಳಿದ. ಮೇಷ್ಟ್ರ ಹೆಂಡತಿ ತೀರಿಕೊಂಡಾಗ ತಾನೇ ಕೂತು ಅವರಿಗೊಂದು ಆಟದ ಕಂಪ್ಯೂಟರ್ ಜೋಡಿಸಿಕೊಟ್ಟ. ಹದಿನಾರು ಜಿಬಿ ಮೆಮೊರಿ, ಕೀಲಿಗಳ ಕೆಳಗೆ ಬಣ್ಣದ ದೀಪ. ಭಾನುವಾರ ಮಧ್ಯಾಹ್ನ ಇಬ್ಬರೂ ತಮ್ಮ ತಮ್ಮ ಮನೆಯಲ್ಲೇ ಕೂತು ಯುದ್ಧದ ಆಟ ಆಡುತ್ತಿದ್ದರು. ಒಬ್ಬರ ಸೈನ್ಯ ಇನ್ನೊಬ್ಬರಿಗೆ ಕಾಣದ ಆಟ ಅದು. ಐದು ವರ್ಷಗಳಲ್ಲಿ ಮೇಷ್ಟ್ರು ಗೆದ್ದದ್ದು ಬೆರಳೆಣಿಕೆಯಷ್ಟು ಸಲ. ಅದಕ್ಕೆ ಅವರಿಗೆ ಬೇಸರವಿರಲಿಲ್ಲ, ಹೆಮ್ಮೆಯಿತ್ತು.

"ನಾನು ಬಾಯಿ ಬಿಡೋಕೆ ಮುಂಚೆ ಅವನಿಗೆ ಗೊತ್ತಾಗುತ್ತೆ ಕಣಯ್ಯ. ಮನಸ್ಸು ಭಾರ ಆದ ದಿನ ಕರೀದೇನೇ ಬಂದು ಬಾಗಿಲು ತಟ್ತಾನೆ. ಅವಳು ಹೋದ್ಮೇಲೆ ನನ್ನ ಅರ್ಥ ಮಾಡ್ಕೊಂಡಿರೋನು ಅವನೊಬ್ಬನೇ" ಎನ್ನುತ್ತಿದ್ದರು. ಆ ಮಾತಿನ ಆಸರೆಯಲ್ಲೇ ಬದುಕಿದ್ದರು ಎಂದರೂ ತಪ್ಪಿಲ್ಲ.

ಈ ವರ್ಷ ಆಟ ತಡವರಿಸತೊಡಗಿತು. ನೋಡಿದರೆ, ಏನನ್ನೂ ತೆರೆಯದೆ ಸುಮ್ಮನೆ ಕೂತ ಕಂಪ್ಯೂಟರೇ ಹನ್ನೊಂದು ಜಿಬಿ ನುಂಗುತ್ತಿತ್ತು. ಮೊಳೆಗೆ ಹೇಳಿದರೆ, "ಹಳೇದಾಯ್ತಲ್ಲ ಮಾರಾಯ, ಹಂಗೇ ಇರುತ್ತೆ ಬಿಡು" ಎಂದ. ಬಿಡುವ ಜಾತಿಯೇ ಮೇಷ್ಟ್ರದು? "ಕೂತು ಉಣ್ಣೋನಿಗೆ ಕುಡಿಕೆ ಹೊನ್ನೂ ಸಾಲದು" ಎಂದು ಗೊಣಗುತ್ತ, ಮೆಮೊರಿ ತಿನ್ನುವ ಪ್ರೋಗ್ರಾಮುಗಳ ಪಟ್ಟಿ ತೆರೆದರು. ತಾನಾಗಿ ಶುರುವಾಗುತ್ತಿದ್ದ ಎರಡು ಹರಟೆಯ ಪ್ರೋಗ್ರಾಮು, ಬಣ್ಣದ ದೀಪದ್ದೊಂದು, ಎಲ್ಲವನ್ನೂ ನಿಲ್ಲಿಸಿದರು. ಒಂಬತ್ತಕ್ಕೆ ಇಳಿಯಿತು. ಮತ್ತೆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿದರು.

ಅಲ್ಲಿತ್ತು: "ಸಹಾಯಕ ವ್ಯವಸ್ತೆ".

ವ್ಯವಸ್ಥೆ ಎನ್ನುವಲ್ಲಿ ಥ ಒತ್ತು ಬಿಟ್ಟು ತ ಒತ್ತು ಕೊಡುವ ತಪ್ಪನ್ನು ಅವರು ಅಚ್ಚು ಜೋಡಿಸುವ ಒಬ್ಬನ ಕೆಲಸದಲ್ಲಿ ಮೂವತ್ತೊಂದು ವರ್ಷ ತಿದ್ದಿದ್ದರು. ತೆರೆದು ನೋಡಿದರೆ, ಈ ಪರದೆಯಲ್ಲಿ ಕಾಣುವುದನ್ನೆಲ್ಲ ಇನ್ನೊಂದು ಪರದೆಗೆ ಬಿಡದೆ ಕಳಿಸುವ ಪ್ರೋಗ್ರಾಮು ಅದು. ನನ್ನನ್ನು ಕರೆಸಿ ತೋರಿಸಿದರು.

"ರಿಪೇರಿಗೆ ಅಂತ ಹಾಕಿ ಮರೆತಿರ್ಬೋದು, ಅಲ್ವೇನಯ್ಯ?" ಎಂದು ನನ್ನ ಮುಖ ನೋಡಿದರು.

ಆಗ ಅವರು ಖಾಲಿ ಪುಟವೊಂದನ್ನು ತೆರೆದು ಟೈಪ್ ಮಾಡಿದರು: "ಎದೆ ಹಿಂಡಿದಂತಾಗುತ್ತಿದೆ. ಎಡಗೈ ಜೋಮು ಹಿಡಿದಿದೆ." ಇಬ್ಬರೂ ಕಾದು ಕೂತೆವು. ಗೆಳೆಯ ಬರದಿರಲಿ ಎಂದು ಅವರು ಬಾಗಿಲನ್ನೇ ನೋಡುತ್ತಿದ್ದರು.

ಹತ್ತು ನಿಮಿಷವೂ ಆಗಿರಲಿಲ್ಲ, ಮೊಳೆ ಏದುಸಿರು ಬಿಡುತ್ತ ಬಂದ. ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. "ಈ ಕಡೆ ಬಂದಿದ್ದೆ. ಹುಷಾರಿದ್ದೀಯ ತಾನೆ?"

"ಹುಷಾರಿದ್ದೀನಿ. ಎಷ್ಟು ವರ್ಷದಿಂದ ನೋಡ್ತಿದ್ದೀಯ?"

ಮೊಳೆಯ ಕಣ್ಣು ಪರದೆಯ ಕಡೆ ಹೋಯಿತು. ನನ್ನ ಕಡೆ ಬಂತು. ಆಮೇಲೆ ನೆಲ ನೋಡಿದ. "ಒಬ್ಬನೇ ಇದ್ದೀಯಲ್ಲ, ಏನಾದ್ರೂ ಮಾಡ್ಕೊಂಡ್ರೆ ಅಂತ ಭಯ ಕಣೋ. ಅತ್ತಿಗೆ ತೀರ್ಕೊಂಡ ತಿಂಗಳಿಂದಾನೇ."

"ಆಟದಲ್ಲೂ?"

"ಮೊದಮೊದಲು ನೋಡ್ತಿರ್ಲಿಲ್ಲ."

ನನಗೆ ಅವನ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು. ಭಯಕ್ಕೆ ನೋಡಿದ್ದನ್ನು ಹೇಗಾದರೂ ನುಂಗಬಹುದಿತ್ತು. ಅದೇ ಕಿಂಡಿಯಲ್ಲಿ ಇಣುಕಿ ವಾರ ವಾರ ಗೆದ್ದು, ಮೇಷ್ಟ್ರು ಹೊಗಳಿದರೆ ಮೀಸೆಯಡಿ ನಕ್ಕವನು ಅವನು. ಮೇಷ್ಟ್ರು ಮಾತ್ರ ದನಿ ಏರಿಸಲಿಲ್ಲ.

"ಸಂಜೆ ಹೊತ್ತು ಇದ್ರಲ್ಲೇ ಅವಳಿಗೆ ಅಂತ ನಾಲ್ಕು ಸಾಲು ಬರೀತಿದ್ನಲ್ಲ, ಅದು?"

ಮೊಳೆ ತಪ್ಪಾಗಿ ಹಾಕಿದ್ದ ಗುಂಡಿಗಳನ್ನು ಬಿಚ್ಚಿ ಹಾಕತೊಡಗಿದ.

ಮೇಷ್ಟ್ರು ಆ ಪ್ರೋಗ್ರಾಮನ್ನು ಅವನ ಕಣ್ಣೆದುರೇ ಅಳಿಸಿದರು. ಮೆಮೊರಿ ನಾಲ್ಕು ಜಿಬಿಗೆ ಇಳಿದು ನಿಂತಿತು. ಅದನ್ನು ನೋಡಿ ಅವರಿಗೆ ಸಂತೋಷವೇನೂ ಆದಂತೆ ಕಾಣಲಿಲ್ಲ.

"ನನ್ನ ಬಗ್ಗೆ ಚಿಂತೆ ಬೇಡ, ಹೇಳದೇನೇ ನನ್ನ ಮನಸ್ಸು ತಿಳಿಯೋನು ಒಬ್ಬ ಇದ್ದಾನೆ ಅಂತ ಅವಳಿಗೆ ಬರೆದಿದ್ದೆ ಕಣೋ" ಎಂದರು. "ಅದನ್ನೂ ಓದಿ ಸುಮ್ನಿದ್ಯಲ್ಲ."